ತೊಡೆಯ ಗಡ್ಡೆ ತೆಗೆಸಿದ ಮೇಲೆ ‘ಮಾರ್ಜಿನ್ ಪಾಸಿಟಿವ್’ ಅಂತ ರಿಪೋರ್ಟ್ ಬಂದಿದೆ, ಮುಂದೇನು?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮ ಅಣ್ಣನಿಗೆ 48 ವರ್ಷ. ತೊಡೆಯಲ್ಲಿ ಗಡ್ಡೆ ಇತ್ತು, ನೋವಿರಲಿಲ್ಲ. ಕೊಬ್ಬಿನ ಗಡ್ಡೆ ಅಂತ ಹೇಳಿ ಒಂದು ನರ್ಸಿಂಗ್ ಹೋಮಿನಲ್ಲಿ ಸ್ಕ್ಯಾನ್ ಮಾಡಿಸದೆ ತೆಗೆದರು. ‘ಸಲೀಸಾಗಿ ಬಂತು, ಪೂರ್ತಿ ತೆಗೆದಿದ್ದೇವೆ’ ಅಂದರು. ಈಗ ಬಯಾಪ್ಸಿ ರಿಪೋರ್ಟಿನಲ್ಲಿ ಹೈ ಗ್ರೇಡ್ ಸಾರ್ಕೋಮಾ, 7 ಸೆಂ.ಮೀ., ಮಾರ್ಜಿನ್ ಪಾಸಿಟಿವ್ ಅಂತ ಇದೆ. ಆಮೇಲೆ ಎಂಆರ್‌ಐ ಮಾಡಿಸಿದೆವು. ಗಡ್ಡೆ ಏನೂ ಉಳಿದಿಲ್ಲ ಅಂದರು. ಹಾಗಾದರೆ ಸುಮ್ನೆ ಇರಬಹುದಾ?

ಉತ್ತರ (ಕ್ಯಾನ್ಸರ್ ಸರ್ಜನ್): ಸುಮ್ನೆ ಇರಬೇಡಿ. ಗಾಬರಿಯೂ ಬೇಡ, ಇದನ್ನು ಸರಿಪಡಿಸಲು ದಾರಿ ಇದೆ.

ಸಾರ್ಕೋಮಾ ಅಂದರೆ ಮಾಂಸ, ಕೊಬ್ಬಿನಂಥ ಭಾಗಗಳಲ್ಲಿ ಹುಟ್ಟುವ ಕ್ಯಾನ್ಸರ್; ಹೈ ಗ್ರೇಡ್ ಅಂದರೆ ಬೇಗ ಬೆಳೆಯುವ, ಹರಡಬಲ್ಲ ಬಗೆ. ಅದು ಬೆಳೆಯುವಾಗ ಸುತ್ತಲಿನ ಮಾಂಸಖಂಡವನ್ನು ಒತ್ತುತ್ತದೆ. ಒತ್ತಿದ ಆ ಭಾಗವೇ ತೆಳುವಾದ ಪೊರೆಯಂತೆ ಕಾಣುತ್ತದೆ. ಆ ಪೊರೆಯೊಳಗೂ ಅದರಾಚೆಗೂ ಕ್ಯಾನ್ಸರ್ ಕಣಗಳು ಇರುತ್ತವೆ. ಕಡಲೆಕಾಯಿ ಸುಲಿದ ಹಾಗೆ ಗಡ್ಡೆ ಸಲೀಸಾಗಿ ಬಂತು ಅಂದರೆ, ಆ ಪೊರೆ ಕಾಲಿನಲ್ಲೇ ಉಳಿದಿದೆ ಅಂತಲೇ ನಾವು ಲೆಕ್ಕ ಹಾಕುತ್ತೇವೆ. ಸರ್ಜನ್ ಕಣ್ಣಿಗೆ ಕಂಡದ್ದನ್ನೆಲ್ಲ ತೆಗೆದಿದ್ದಾರೆ, ಅವರು ಸುಳ್ಳು ಹೇಳಿಲ್ಲ. ಆದರೆ ತೆಗೆದ ತುಂಡಿನ ಅಂಚನ್ನು, ಅಂದರೆ ಮಾರ್ಜಿನ್ನನ್ನು, ನೋಡಿ ಹೇಳಬೇಕಾದದ್ದು ಮೈಕ್ರೋಸ್ಕೋಪ್.

ಆ ತುಂಡಿನ ಹೊರಮೈಗೆಲ್ಲ ಲ್ಯಾಬಿನಲ್ಲಿ ಇಂಕ್ ಬಳಿದು, ಆಮೇಲೆ ಹೋಳು ಮಾಡುತ್ತಾರೆ. ಕ್ಯಾನ್ಸರ್ ಕಣ ಇಂಕಿಗೆ ತಾಗಿದ್ದರೆ ಅದು ಆರ್-1, ಮಾರ್ಜಿನ್ ಪಾಸಿಟಿವ್ ಅನ್ನುವುದು ಇದಕ್ಕೇ. ತಾಗಿಲ್ಲದಿದ್ದರೆ ಆರ್-0. ಕಣ್ಣಿಗೆ ಕಾಣುವಷ್ಟು ಗಡ್ಡೆಯೇ ಒಳಗೆ ಉಳಿದಿದ್ದರೆ ಆರ್-2. ಯಾವ ಕಡೆ ಮೇಲೆ, ಯಾವ ಕಡೆ ಒಳಗೆ ಅಂತ ತಿಳಿಯಲು ಸರ್ಜನ್ ತುಂಡಿಗೆ ಒಂದು ಉದ್ದ ದಾರ, ಒಂದು ಗಿಡ್ಡ ದಾರ ಹಾಕಿ ಕಳಿಸಬೇಕು. ಗಡ್ಡೆ ನಾಲ್ಕು ಚೂರಾಗಿ ಡಬ್ಬಿಗೆ ಬಂದರೆ ಪೆಥಾಲಜಿಸ್ಟ್ ಏನು ತಾನೇ ಹೇಳಿಯಾರು? ನಿಮ್ಮ ರಿಪೋರ್ಟಿನಲ್ಲಿ ಹಾಗೇನಾದರೂ ಬರೆದಿದೆಯಾ ನೋಡಿ.

ಇನ್ನು ಎಂಆರ್‌ಐ ವಿಷಯ. ಕಣಗಳ ಮಟ್ಟದಲ್ಲಿ ಉಳಿದದ್ದು ಅದರಲ್ಲಿ ಕಾಣುವುದಿಲ್ಲ. ಆಪರೇಷನ್ ಆದ ಜಾಗದ ಊತವೂ ಸೇರಿ ಚಿತ್ರ ಗೊಂದಲ ಆಗುತ್ತದೆ. ಹೀಗೆ ಯೋಜನೆ ಇಲ್ಲದೆ ತೆಗೆದವರಿಗೆ ಮತ್ತೆ ಆಪರೇಷನ್ ಮಾಡಿದಾಗ ಗಡ್ಡೆ ಉಳಿದಿರುವುದು ಬಹಳ ಸಲ ಸಿಗುತ್ತದೆ. ಹಾಗಾಗಿ ಹಳೇ ಗಾಯದ ಕಲೆ, ಡ್ರೈನ್ ಪೈಪ್ ಹೊರಬಂದ ತೂತು, ಗಡ್ಡೆ ಇದ್ದ ಜಾಗ, ಇಷ್ಟನ್ನೂ ಸೇರಿಸಿ ಮತ್ತೊಮ್ಮೆ ಅಗಲವಾಗಿ ತೆಗೆಯುವುದು ರೂಢಿ. ಜೊತೆಗೆ ರೇಡಿಯೇಷನ್.

ಪ್ರಶ್ನೆ: ಎಷ್ಟು ಸೆಂಟಿಮೀಟರ್ ಜಾಸ್ತಿ ತೆಗೆದರೆ ಸಾಕು ಸರ್?

ಉತ್ತರ: ಎಲ್ಲರೂ ಇದನ್ನೇ ಕೇಳುತ್ತಾರೆ. ಮೆತ್ತಗಿನ ಮಾಂಸ, ಕೊಬ್ಬಿನ ಕಡೆ ಗಡ್ಡೆಯ ಸುತ್ತ ಸುಮಾರು 1 ಸೆಂ.ಮೀ. ಒಳ್ಳೆಯ ಭಾಗವನ್ನೂ ಸೇರಿಸಿ ತೆಗೆಯಲು ನೋಡುತ್ತೇವೆ. ಆದರೆ ಸ್ನಾಯುವಿನ ಮೇಲಿನ ಗಟ್ಟಿ ಹೊದಿಕೆ ಅಡ್ಡ ಇದ್ದರೆ ಅದು 2 ಮಿ.ಮೀ. ಇದ್ದರೂ ಒಳ್ಳೆಯ ಗಡಿಯೇ. ಅಳತೆಗಿಂತ ನಡುವೆ ಏನಿದೆ ಅನ್ನುವುದು ದೊಡ್ಡದು. ಕಾಲಿನ ದೊಡ್ಡ ನರಕ್ಕೆ ಗಡ್ಡೆ ತಾಗಿಕೊಂಡಿದ್ದರೆ, ಮೊದಲು ರೇಡಿಯೇಷನ್ ಕೊಟ್ಟು, ನರದ ಹೊದಿಕೆಯನ್ನಷ್ಟೇ ಬಿಡಿಸಿ ನರ ಉಳಿಸುತ್ತೇವೆ. ಅಲ್ಲಿ ಅಂಚು ತೆಳು ಅಂತ ಮೊದಲೇ ಗೊತ್ತಿರುತ್ತದೆ. ಗೊತ್ತಿದ್ದು ಬಿಟ್ಟ ಅಂಚಿಗೂ ಗೊತ್ತಿಲ್ಲದೆ ಉಳಿದ ಅಂಚಿಗೂ ಫಲಿತಾಂಶದಲ್ಲಿ ತುಂಬಾ ವ್ಯತ್ಯಾಸ ಇದೆ.

ಪ್ರಶ್ನೆ: ಕಾಲೇ ತೆಗೆಸಿಬಿಟ್ಟರೆ ಪೂರ್ತಿ ವಾಸಿ ಆಗುತ್ತೆ ಅಂತ ಮನೆಯಲ್ಲಿ ಹಿರಿಯರು ಹೇಳುತ್ತಿದ್ದಾರೆ.

ಉತ್ತರ: ಇದನ್ನು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಪರೀಕ್ಷಿಸಿಯೇ ನೋಡಿದ್ದಾರೆ. 1982ರಲ್ಲಿ ಪ್ರಕಟವಾದ ಅಧ್ಯಯನ. 43 ಜನರಲ್ಲಿ 16 ಜನಕ್ಕೆ ಕಾಲು ಅಥವಾ ಕೈ ತೆಗೆದರು. 27 ಜನಕ್ಕೆ ಗಡ್ಡೆ ಮಾತ್ರ ತೆಗೆದು ರೇಡಿಯೇಷನ್ ಕೊಟ್ಟರು. ಎರಡನೇ ಗುಂಪಿನ 4 ಜನಕ್ಕೆ ಅದೇ ಜಾಗದಲ್ಲಿ ಗಡ್ಡೆ ಮರುಕಳಿಸಿತು. ಆದರೆ ಬದುಕುಳಿದವರ ಪ್ರಮಾಣದಲ್ಲಿ ಎರಡು ಗುಂಪಿಗೂ ಅಂಥ ವ್ಯತ್ಯಾಸ ಕಾಣಲಿಲ್ಲ. ಈಗ ಬಹುತೇಕ ಜನರಿಗೆ ಕಾಲು ಉಳಿಸಿಯೇ ಚಿಕಿತ್ಸೆ ಮಾಡುತ್ತಾರೆ. ಹಿರಿಯರಿಗೆ ದಯವಿಟ್ಟು ಇದನ್ನು ಹೇಳಿ. ಈ ಕಾಯಿಲೆ ಹರಡಿದರೆ ಹೆಚ್ಚಾಗಿ ಶ್ವಾಸಕೋಶಕ್ಕೆ. ಅದಕ್ಕೇ ಮೊದಲು ಎದೆಯ ಸಿಟಿ ಸ್ಕ್ಯಾನ್ ಆಗಬೇಕು.

ಇನ್ನೊಬ್ಬರ ಪ್ರಶ್ನೆ: ಡಾಕ್ಟ್ರೇ, ನಮ್ಮ ಅತ್ತೆಯ ಬೆನ್ನಲ್ಲಿ ಹತ್ತು ವರ್ಷದಿಂದ ಮೆತ್ತಗಿನ ಸಣ್ಣ ಗಡ್ಡೆ ಇದೆ. ಓದಿ ಭಯ ಆಯ್ತು.

ಉತ್ತರ: ಚರ್ಮದಡಿ ಸಣ್ಣದಾಗಿ, ಬೆಳೆಯದೆ ಇದ್ದರೆ ಅದು ಬಹುತೇಕ ಕೊಬ್ಬಿನ ಗಡ್ಡೆಯೇ. ಒಮ್ಮೆ ತೋರಿಸಿ, ಅಷ್ಟೇ ಸಾಕು. 5 ಸೆಂ.ಮೀ. ದಾಟಿದ್ದರೆ, ಬೆಳೆಯುತ್ತಿದ್ದರೆ, ಆಳದಲ್ಲಿದ್ದರೆ, ತೆಗೆಸಿದ ಮೇಲೆ ಮತ್ತೆ ಬಂದಿದ್ದರೆ ಮಾತ್ರ ಬೇರೆ ಮಾತು. ಆಗ ಮೊದಲು ಎಂಆರ್‌ಐ, ಆಮೇಲೆ ಸೂಜಿ ಬಯಾಪ್ಸಿ, ಕೊನೆಗೆ ಆಪರೇಷನ್. ನೋವಿಲ್ಲ ಅಂತ ಧೈರ್ಯ ಮಾಡಬೇಡಿ. ಸಾರ್ಕೋಮಾ ಎಷ್ಟೋ ಸಲ ನೋಯುವುದೇ ಇಲ್ಲ.

ಪ್ರಶ್ನೆ (ಮೊದಲಿನವರು): ಅಣ್ಣನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗುತ್ತೇವೆ. ಏನೇನು ತರಬೇಕು?

ಉತ್ತರ: ಕಿದ್ವಾಯಿಗೆ ಹೋದರೂ ಬೇರೆ ಕ್ಯಾನ್ಸರ್ ಆಸ್ಪತ್ರೆಗೆ ಹೋದರೂ ಮೈಕ್ರೋಸ್ಕೋಪಿನಲ್ಲಿ ನೋಡಿದ ಸ್ಲೈಡುಗಳ ಜೊತೆ ಪ್ಯಾರಾಫಿನ್ ಬ್ಲಾಕ್ (ಗಡ್ಡೆಯ ತುಂಡನ್ನು ಮೇಣದಲ್ಲಿ ಹುದುಗಿಸಿದ ಅಚ್ಚು) ಕೂಡ ಲ್ಯಾಬಿನಿಂದ ಕೇಳಿ ಪಡೆಯಿರಿ, ಅಲ್ಲಿ ಮತ್ತೆ ನೋಡುತ್ತಾರೆ. ಆಪರೇಷನ್ ನೋಟ್ಸ್ ಬೇಕೇ ಬೇಕು. ಎಂಆರ್‌ಐ ರಿಪೋರ್ಟ್ ಹಾಳೆ ಸಾಲದು, ಸಿಡಿ ತನ್ನಿ. ಮೊಬೈಲಿನಲ್ಲಿ ಆಪರೇಷನ್‌ಗೆ ಮುಂಚೆ ತೆಗೆದ ಗಡ್ಡೆಯ ಫೋಟೋ ಇದ್ದರೆ ಅಳಿಸಬೇಡಿ, ಎಲ್ಲಿತ್ತು ಅಂತ ಗುರುತಿಸಲು ಅದು ನಮಗೆ ಬೇಕಾಗುತ್ತದೆ. ಈ ವಾರವೇ ಹೊರಡಿ.