ಅಪ್‌ಡೇಟ್: ಕಂಟ್ರೋಲ್-ಝಡ್ ಒತ್ತಿದರೆ ಎರಡನೇ ವಿಮ್ ತೆರೆಯುತ್ತಿದ್ದದ್ದು ಸರಿಹೋಯಿತು

ಕೇಳಿದ್ದು ಇಷ್ಟು: ಬ್ಯಾಶ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಶೆಲ್) 'ವಿ' ಎಂಬ ಅಲಿಯಾಸ್‌ಗೆ (ಕಮಾಂಡ್‌ಗೆ ಇಟ್ಟ ಚಿಕ್ಕ ಹೆಸರು) 'ಎಫ್‌ಜಿ %ವಿಮ್ || ವಿಮ್' ಕೊಟ್ಟಿದ್ದೆ, ಅಂದರೆ ಕಂಟ್ರೋಲ್-ಝಡ್‌ನಿಂದ ನಿಲ್ಲಿಸಿಟ್ಟ ವಿಮ್ (ಟೆಕ್ಸ್ಟ್ ಎಡಿಟರ್) ಇದ್ದರೆ ಅದನ್ನು ಮುಂದೆ ತರಬೇಕು, ಅದು ಫೇಲ್ ಆದರೆ ಹೊಸದು ತೆರೆಯಬೇಕು. ನಿಲ್ಲಿಸಿಟ್ಟ ವಿಮ್ ಮುಂದೆ ಬರುತ್ತಿತ್ತು, ಆದರೆ ಮತ್ತೆ ಕಂಟ್ರೋಲ್-ಝಡ್ ಒತ್ತಿದ ಕೂಡಲೇ ಇನ್ನೊಂದು ಹೊಸ ವಿಮ್ ಹಾಜರ್.

ಕಾರಣ ಎಕ್ಸಿಟ್ ಸ್ಟೇಟಸ್, ಅಂದರೆ ಕಮಾಂಡ್ ಹಿಂದಿರುಗಿಸುವ ಅಂಕೆ (ಸೊನ್ನೆ ಅಂದರೆ ಯಶಸ್ಸು). ಜಾಬ್ ಮತ್ತೆ ನಿಂತರೆ ಲಿನಕ್ಸ್‌ನಲ್ಲಿ ಎಫ್‌ಜಿ 148 (128+20; 20 ನಿಲ್ಲಿಸುವ ಸಿಗ್ನಲ್‌ನ ನಂಬರ್) ಹಿಂದಿರುಗಿಸುತ್ತದೆ. ಸೊನ್ನೆಯಲ್ಲದ್ದೆಲ್ಲ || ಪಾಲಿಗೆ ಫೇಲ್, ಹಾಗಾಗಿ ಬಲಗಡೆಯ ವಿಮ್ ಓಡುತ್ತದೆ.

ಈಗ ಅಲಿಯಾಸ್ ಬದಲು ಫಂಕ್ಷನ್: ಇಫ್ ಷರತ್ತಿನಲ್ಲಿ ಬರೀ 'ಜಾಬ್ಸ್ %ವಿಮ್', ಅದರ ಔಟ್‌ಪುಟ್, ಎರರ್ ಎರಡೂ ಡೆವ್-ನಲ್‌ಗೆ (ಬಂದದ್ದನ್ನೆಲ್ಲ ಎಸೆದುಬಿಡುವ ಜಾಗ), ಸಿಕ್ಕರೆ 'ಎಫ್‌ಜಿ %ವಿಮ್', ಎಲ್ಸ್‌ನಲ್ಲಿ 'ವಿಮ್ "$@"' ('ವಿ' ಜೊತೆ ಕೊಟ್ಟ ಫೈಲ್ ಹೆಸರುಗಳೆಲ್ಲ ವಿಮ್‌ಗೆ ಹೋಗುತ್ತವೆ). ಮೊದಲು 'ಅನ್‌ಅಲಿಯಾಸ್ ವಿ' ಮಾಡಿ, ಇಲ್ಲವಾದರೆ ಫಂಕ್ಷನ್ ಹೆಸರೇ ಅಲಿಯಾಸ್ ಆಗಿ ಬಿಚ್ಚಿಕೊಂಡು ಸಿಂಟ್ಯಾಕ್ಸ್ ಎರರ್ ಬರುತ್ತದೆ.

ಎರಡು ವಿಮ್ ನಿಂತಿದ್ದರೆ %ವಿಮ್ ಯಾವುದೆಂದು ಬ್ಯಾಶ್‌ಗೆ ಗೊತ್ತಾಗುವುದಿಲ್ಲ. ಆಗ 'ಜಾಬ್ಸ್' ನೋಡಿ 'ಎಫ್‌ಜಿ %2' ಥರ ನಂಬರನ್ನೇ ಕೊಡಬೇಕು.