ಪದಚರ್ಚೆ: ಚಾರ್ಜ್ 'ಆಗುವುದಿಲ್ಲ', 'ನಿಲ್ಲುವುದಿಲ್ಲ', 'ಹಿಡಿಯುವುದಿಲ್ಲ', ಮತ್ತೆ ಕೂತ ಶಾಕ್

ಎಲ್ಲರಿಗೂ ನಮಸ್ಕಾರ.

ಉಡುಪಿಯಲ್ಲಿ ಪರಿಚಯದವರ ಗ್ಯಾರೇಜಿಗೆ ಒಂದು ಕನ್ನಡ ಬೋರ್ಡು ಬರೆದುಕೊಡಲು ಒಪ್ಪಿಕೊಂಡಿದ್ದೇನೆ. ಬೈಕಿನ ಬ್ಯಾಟರಿ ಮತ್ತು ಹಿಂದಿನ ಶಾಕ್ (ಶಾಕ್ ಅಬ್ಸಾರ್ಬರ್) ಬಗ್ಗೆ ಗಿರಾಕಿಗಳು ದಿನಾ ಕೇಳುವ ಪ್ರಶ್ನೆಗಳಿಗೆ ಚುಟುಕು ಉತ್ತರ, ಅಷ್ಟೇ. ಇಂಗ್ಲಿಷ್ ಕೈಪಿಡಿಯ ಪುಟವನ್ನು ಫೋನಿನಲ್ಲಿ ಕನ್ನಡ ಮಾಡಿಸಿ ನೋಡಿದೆ. 'ರಿಯರ್ ಸಸ್ಪೆನ್ಶನ್' ಎಂಬುದು 'ಹಿಂಬದಿಯ ಅಮಾನತು' ಎಂದು ಬಂತು. ಶಾಕಿಗೆ ಯಾರು ನೋಟಿಸು ಕೊಟ್ಟರೋ! ಚಾರ್ಜಿಗೆ ಪಠ್ಯಪುಸ್ತಕ ಕೊಡುವ 'ಆವೇಶ'ವೂ ನಮ್ಮ ಊರಿಗೆ ಆಗಿಬರುವುದಿಲ್ಲ. ಕೋಲ, ದರ್ಶನಗಳಲ್ಲಿ ಮೈಮೇಲೆ ದೈವ ಬರುವುದನ್ನು ನೋಡಿ ಬೆಳೆದವರಿಗೆ 'ಬ್ಯಾಟರಿಗೆ ಆವೇಶ ಬರಿಸಿ' ಅಂದರೆ ನಗು ತಡೆಯುವುದು ಕಷ್ಟ. ಹಾಗಾಗಿ ಗ್ಯಾರೇಜಿನ ಮಾತನ್ನೇ ಇಟ್ಟುಕೊಳ್ಳುವುದೆಂದು ತೀರ್ಮಾನಿಸಿದೆ. ತೊಡಕು ಶುರುವಾದದ್ದು ಅಲ್ಲಿ.

'ಚಾರ್ಜ್ ಆಗುವುದಿಲ್ಲ', 'ಚಾರ್ಜ್ ನಿಲ್ಲುವುದಿಲ್ಲ' ಎರಡನ್ನೂ ಗಿರಾಕಿಗಳು ಒಂದೇ ಎಂಬಂತೆ ಹೇಳುತ್ತಾರೆ. ಮೆಕ್ಯಾನಿಕ್ ಹಾಗೆ ಕೇಳಿಸಿಕೊಳ್ಳುವುದಿಲ್ಲ. 'ನಿಲ್ಲುವುದಿಲ್ಲ' ಅಂದರೆ ದೋಷ ಬ್ಯಾಟರಿಯದ್ದೇ: ಪೂರ್ತಿ ಚಾರ್ಜ್ ಮಾಡಿದಾಗ 12.6, 12.7 ವೋಲ್ಟ್ ತೋರಿಸಿದ್ದು, ವೈರು ಬಿಚ್ಚಿ ಇಟ್ಟರೂ ಬೆಳಿಗ್ಗೆ 12ಕ್ಕಿಂತ ಕೆಳಗೆ. 'ಆಗುವುದಿಲ್ಲ' ಅಂದರೆ ಅವರು ಮೊದಲು ಬೈಕ್ ಸ್ಟಾರ್ಟ್ ಮಾಡಿ, ಸ್ವಲ್ಪ ರೇಸ್ ಕೊಟ್ಟು, ವೋಲ್ಟ್ ಮೀಟರಿನ ಕಡ್ಡಿಗಳನ್ನು ಬ್ಯಾಟರಿಯ ಟರ್ಮಿನಲ್‌ಗಳಿಗೆ ಮುಟ್ಟಿಸುತ್ತಾರೆ. 13.5ರಿಂದ 14.5ರೊಳಗೆ ಬಂದರೆ ಬೈಕು ಚಾರ್ಜ್ ಕೊಡುತ್ತಾ ಉಂಟು. 12ರ ಆಸುಪಾಸಿನಲ್ಲೇ ನಿಂತರೆ ದೋಷ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲಿನದ್ದು, ಆ ಕರೆಂಟನ್ನು ಬ್ಯಾಟರಿಗೆ ತಕ್ಕಂತೆ ಮಾಡುವ ರೆಕ್ಟಿಫೈಯರಿನದ್ದು, ಇಲ್ಲವೇ ನಡುವಿನ ವೈರಿನದ್ದು. ಹೊಸ ಬ್ಯಾಟರಿ ತಂದು ಹಾಕಿದರೂ ಅದೂ ಇಳಿಯುತ್ತದೆ, ದುಡ್ಡು ದಂಡ. ತುಳುವಿನಲ್ಲೂ 'ಚಾರ್ಜ್ ಆಪುಜಿ', 'ಚಾರ್ಜ್ ಉಂತುಜಿ' ಎಂದು ಇದೇ ಭೇದ ಉಂಟು.

ಮೂರನೆಯದೊಂದಿದೆ. ಬೈಕು ತಿಂಗಳುಗಟ್ಟಲೆ ನಿಂತೇ ಇತ್ತು ಅನ್ನಿ. ಗಲ್ಫಿನಿಂದ ರಜೆಗೆ ಬಂದವರ ಮನೆಗಳಲ್ಲಿ ಇದು ಮಾಮೂಲು. ಬಳಸದಿದ್ದರೂ ಬ್ಯಾಟರಿ ತನ್ನಷ್ಟಕ್ಕೆ ಇಳಿಯುತ್ತದೆ. ಇಳಿದೇ ಬಿದ್ದಿದ್ದರೆ ಸೀಸದ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಚಾರ್ಜರಿಗೆ ಹಾಕಿದರೂ 'ಹಿಡಿಯುವುದಿಲ್ಲ'. ಈ 'ಹಿಡಿಯುವುದಿಲ್ಲ' ನಾನು ಮಂಗಳೂರಿನಲ್ಲಿ ಕೇಳಿದ್ದು. ಕುಂದಾಪುರದ ಕಡೆಯವರು ಏನನ್ನುತ್ತೀರಿ? ಇನ್ನು 5 ಆಂಪಿಯರ್-ಅವರ್ ಬ್ಯಾಟರಿಗೆ ಅರ್ಧ ಆಂಪಿಯರ್‌ನಷ್ಟೇ ಕೊಟ್ಟು ತಾಸುಗಟ್ಟಲೆ ಬಿಡುವುದಕ್ಕೆ 'ಸ್ಲೋ ಚಾರ್ಜಿಗಿಡುವುದು' ಇದ್ದೇ ಇದೆ, ಅದರ ತಂಟೆಗೆ ನಾನು ಹೋಗುವುದಿಲ್ಲ.

ಶಾಕಿನದ್ದು ಇನ್ನೂ ಸ್ವಾರಸ್ಯ. 'ಶಾಕ್ ಹೋಗಿದೆ' ಎನ್ನುವುದು ಗಿರಾಕಿಯ ಮಾತು. ಕೆಲಸದವರ ಬಾಯಲ್ಲಿ ಅದು ಎರಡಾಗುತ್ತದೆ. 'ಕೂತಿದೆ' ಅಂದರೆ ಹಿಂದೆ ಒಬ್ಬರು ಹತ್ತಿದ ಕೂಡಲೇ ಮಡ್‌ಗಾರ್ಡ್ ಟಯರಿಗೆ ತಾಗುವಷ್ಟು ಇಳಿಯುವುದು. 'ಕುಣಿಯುತ್ತದೆ' ಅಂದರೆ ಹಂಪು ದಾಟಿದ ಮೇಲೂ ಹಿಂಭಾಗ ಮೇಲೆ ಕೆಳಗೆ ಆಡುತ್ತಲೇ ಇರುವುದು. ಭಾರ ಹೊರುವುದು ಸ್ಪ್ರಿಂಗ್, ಕುಣಿತ ತಡೆಯುವುದು ಒಳಗಿನ ಆಯಿಲ್. ಆಯಿಲ್ ಸೋರಿದ್ದರೆ ರಾಡಿನ ಬುಡದಲ್ಲಿ ಎಣ್ಣೆಪಸೆಗೆ ಧೂಳು ಮೆತ್ತಿ ಕಪ್ಪು ಬಳೆಯೊಂದು ಕಟ್ಟಿರುತ್ತದೆ.

ಕುಣಿಯುತ್ತದೆ ಎಂದು ಬಂದವರಿಗೂ ಶಾಕಿನ ಸ್ಪ್ರಿಂಗನ್ನು ಅದುಮಿ ಹಿಡಿಯುವ ರಿಂಗನ್ನು ಸಿ ಸ್ಪ್ಯಾನರಿನಲ್ಲಿ (ಕೊಕ್ಕೆಯಂಥ ಪಾನಾ) ಒಂದು ಕಚ್ಚು ತಿರುಗಿಸಿ 'ಹಾರ್ಡ್ ಮಾಡಿದ್ದೇನೆ' ಎಂದು ಕಳಿಸುವವರಿದ್ದಾರೆ. ಈ 'ಹಾರ್ಡ್' ನನಗೆ ಒಪ್ಪಿಗೆಯಿಲ್ಲ. ರಿಂಗು ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ಅದು ಮೊದಲೇ ಸ್ವಲ್ಪ ಅದುಮಿಕೊಂಡಿರುತ್ತದೆ, ಹೊರೆ ಬಿದ್ದಾಗ ಸೀಟು ಅಷ್ಟು ಇಳಿಯದೆ ನಿಲ್ಲುತ್ತದೆ. ಕುಣಿತಕ್ಕೂ ಅದಕ್ಕೂ ಸಂಬಂಧವಿಲ್ಲ. ಹೀಗೆ ಮೊದಲೇ ಅದುಮುವುದಕ್ಕೆ (ಇಂಗ್ಲಿಷಿನ ಪ್ರೀಲೋಡ್) ಸ್ನೇಹಿತರೊಬ್ಬರು 'ಮುನ್ನೊತ್ತಡ' ಎಂದು ಸೂಚಿಸಿದರು; ಬೋರ್ಡಿನಲ್ಲಿ ಬರೆದರೆ ಅದು ರಕ್ತದೊತ್ತಡದ ತಮ್ಮನಂತೆ ಕಾಣುತ್ತದೆ. ನನ್ನ ಒಲವು 'ಏರಿಸು', 'ಇಳಿಸು' ಕಡೆಗೆ: 'ಹಿಂದೆ ಕೂರಿಸಿಕೊಂಡು ಮಣಿಪಾಲದ ಏರು ಹತ್ತುವವರು ಶಾಕ್ ಒಂದೆರಡು ಕಚ್ಚು ಏರಿಸಿಕೊಳ್ಳಿ, ಎರಡೂ ಬದಿ ಒಂದೇ ಸಮ ಇರಲಿ.' ಆದರೆ 'ಶಾಕ್ ಏರಿಸು' ಅಂದರೆ ಉದ್ದದ ಶಾಕ್ ಹಾಕಿಸಿ ಬೈಕನ್ನೇ ಎತ್ತರ ಮಾಡುವುದು ಎಂದು ಹುಡುಗರು ತಿಳಿದಾರೋ ಎಂಬ ಅನುಮಾನ ಉಂಟು. ಆ ಕಚ್ಚುಗಳಿಗಾದರೂ ನಿಮ್ಮ ಕಡೆ ಏನನ್ನುತ್ತಾರೆ, ಸ್ಟೆಪ್ಪೋ, ಹಲ್ಲೋ?

ಮಳೆ ಹಿಡಿಯುವ ಮೊದಲು ಪೈಂಟರಿಗೆ ಕೊಡಬೇಕು. ನಿಘಂಟು ತೆಗೆದು ಹೊಸ ಪದ ಕಟ್ಟುವುದು ಬೇಡ. ಕಿವಿಯಾರೆ ಕೇಳಿದ್ದನ್ನು ಊರಿನ ಹೆಸರಿನ ಜೊತೆ ತಿಳಿಸಿ. ಬ್ಯಾರಿ, ಕೊಂಕಣಿ ಮನೆಮಾತಿನವರೂ ಬರೆದರೆ ಉಪಕಾರ.