ಹದಿನೇಳು ಇಂಚಿನ ಹಟ

“15 ಇಂಚಿನ ಚಕ್ರ ಹಾಕಿಕೊಂಡು ಓಡಾಡಲು ನಾಚಿಕೆಯಾಗುತ್ತದೆ” ಎಂದ ಸೀನ.

“ನಿನಗೋ, ಕಾರಿಗೋ?” ಎಂದರು ರಾಯರು.

“17 ಇಂಚಿನ ಅಲಾಯ್ ಚಕ್ರ ನೋಡಿಟ್ಟಿದ್ದೇನೆ. ಟೈರು 215/55. ಈಗಿರುವ 185/65 ಟೈರು ಅದರ ಮುಂದೆ ಯಾವ ಲೆಕ್ಕ?”

ಲೆಕ್ಕ ಎಂಬ ಪದ ಕಿವಿಗೆ ಬಿದ್ದರೆ ನಾಣಿ ಸುಮ್ಮನಿರುವವನಲ್ಲ. “185 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಎಂದರೆ ಪಕ್ಕದ ಗೋಡೆಯ ಎತ್ತರ, ಅಗಲದ ಶೇಕಡಾ 65. ಅವುಗಳ ಕೊನೆಗೆ ಬರೆದಿರುವ 15, ರಿಮ್ಮಿನ ವ್ಯಾಸ, ಇಂಚಿನಲ್ಲಿ.”

“ಮಿಲಿಮೀಟರು, ಶೇಕಡಾ, ಇಂಚು! ಮಾತು ಬಿಟ್ಟ ಮೂವರು ಪಾಲುದಾರರು ಸೇರಿ ಬರೆದ ಪತ್ರದ ಹಾಗಿದೆ” ಎಂದರು ರಾಯರು.

“ಒಟ್ಟು ವ್ಯಾಸ ಈಗ 622 ಮಿಲಿಮೀಟರು” ಎಂದು ನಾಣಿ ಮುಂದುವರಿಸಿದ. “ನೀನು ಹೇಳಿದ ಟೈರಿನದು 668. ಶೇಕಡಾ ಏಳೂವರೆ ಹೆಚ್ಚು. ಮೂರರೊಳಗೆ ಇರಬೇಕೆಂಬುದು ರೂಢಿ. ಸ್ಟೀಯರಿಂಗ್ ಪೂರ್ತಿ ತಿರುಗಿಸಿದರೆ ಒಳಗೆ ಉಜ್ಜಬಹುದು. ಮೀಟರಿನ ಮುಳ್ಳು 100 ತೋರಿಸುವಾಗ ನೀನು 107 ದಾಟಿರುತ್ತೀಯ.”

“ದಂಡ ಹಾಕುವವರ ಮುಂದೆ ಮುಳ್ಳನ್ನೇ ಸಾಕ್ಷಿಗೆ ಕರೆದರಾಯಿತು. ಪಾಪ, ಅದು ಸುಳ್ಳುಗಾರನಲ್ಲ. ಚಕ್ರ ಬದಲಾದ ಸುದ್ದಿಯನ್ನು ಅದಕ್ಕೆ ಯಾರೂ ತಿಳಿಸಿಲ್ಲ, ಅಷ್ಟೇ” ಎಂದರು ರಾಯರು.

ಸೀನ ಸಿದ್ಧನಾಗಿಯೇ ಬಂದಿದ್ದ. “ಹಾಗಾದರೆ 205/45 ಹಾಕಿಸುತ್ತೇನೆ. ವ್ಯಾಸ 616 ಬರುತ್ತದೆ.”

“ಅದರಲ್ಲಿ ರಬ್ಬರು ಎಲ್ಲಿದೆ? ಈಗ ಹನ್ನೆರಡು ಸೆಂಟಿಮೀಟರ್ ಗೋಡೆಯಿದೆ, ಆಗ ಒಂಬತ್ತು ಚಿಲ್ಲರೆ. ಹೊಂಡಕ್ಕೆ ಬಿದ್ದರೆ ಒಳಗಿನ ಎಳೆ ಹರಿದು ಪಕ್ಕದಲ್ಲಿ ಬುಗುಟು ಏಳುತ್ತದೆ, ಇಲ್ಲವೇ ರಿಮ್ ಸೊಟ್ಟಗಾಗುತ್ತದೆ. 18, 20 ಎಂದು ಏರುತ್ತಲೇ ಹೋಗು. ಕೊನೆಗೊಂದು ದಿನ ರಿಮ್ಮಿನ ಅಂಚಿಗೆ ಕಪ್ಪು ಬಣ್ಣ ಬಳಿದು, ಇದೇ ಟೈರು ಎನ್ನುತ್ತೀಯ.”

“ನೋಡಲು ಚೆನ್ನಾಗಿರುತ್ತದೆ, ರಾಯರೇ.”

“ಯಾರಿಗೆ? ಓಡಿಸುವಾಗ ನೀನು ಒಳಗಿರುತ್ತೀಯ. ಅಂದ ದಾರಿಹೋಕರಿಗೆ, ಕುಲುಕಾಟ ದುಡ್ಡು ಕೊಟ್ಟವನಿಗೆ. ಒಂದು ಕೆಲಸ ಮಾಡು: ಕಾರನ್ನು ನಾಣಿ ಓಡಿಸಲಿ, ನೀನು ರಸ್ತೆಯ ಪಕ್ಕ ನಿಂತು ನೋಡು.”

“ನನಗೆ ಸೊಂಟನೋವು. 15 ಇದ್ದರೆ ಮಾತ್ರ ಓಡಿಸುತ್ತೇನೆ” ಎಂದ ನಾಣಿ. ಆಮೇಲೆ ಬೋಲ್ಟಿನ ತೂತುಗಳ ವೃತ್ತ ಕೂಡಬೇಕು, ನಡುವಿನ ರಂಧ್ರ ಕೂಡಬೇಕು, ಆಫ್‌ಸೆಟ್ ಕೂಡಬೇಕು ಎಂದು ಶುರುಮಾಡಿದ. ಯಾರೂ ಕೇಳಿಸಿಕೊಳ್ಳಲಿಲ್ಲ. 88 ಎಂಬ ಭಾರಸೂಚಿ ಇದ್ದರೆ ಒಂದು ಟೈರು 560 ಕಿಲೋ ಹೊರುತ್ತದೆ ಎಂದಾಗ ಮಾತ್ರ ರಾಯರು, “ನಾವು ಮೂವರೂ ಹತ್ತಬಹುದು ಎಂದಾಯಿತು” ಎಂದರು.

“ಹಳೆಯ ಟೈರನ್ನು ಬದಲಿಸಲೇಬೇಕು ಎಂಬುದಂತೂ ನಿಜ. ಅದರ ಮೇಲೆ 1417 ಎಂದಿದೆ” ಎಂದ ನಾಣಿ. “2017ರ ಹದಿನಾಲ್ಕನೇ ವಾರ ತಯಾರಾದದ್ದು.”

“ಟೈರಿಗೆ ವಯಸ್ಸು ಮುಚ್ಚಿಡುವ ಸುಖವೂ ಇಲ್ಲ.”

ಸೀನ ನಗಲಿಲ್ಲ. “ಆಗ ಹಿಂದಿನ ಸೀಟಿನಲ್ಲಿ ಕಿಟಕಿಯ ಪಕ್ಕದ ಜಾಗಕ್ಕಾಗಿ ದಿನವೂ ಜಗಳ. ಎರಡು ಕಿಟಕಿ, ಇಬ್ಬರೇ ಮಕ್ಕಳು, ಆದರೂ ಜಗಳ! ಈಗ ಒಬ್ಬಳು ಒಂದು ದೇಶದಲ್ಲಿ, ಇನ್ನೊಬ್ಬ ಇನ್ನೊಂದರಲ್ಲಿ. ಕಾರು ಮನೆಯ ಮುಂದೆ ನಿಂತಿರುತ್ತದೆ. ಯಾರಿಗೆ ಕಾಣುತ್ತದೆ ಎಂದಿರಲ್ಲ, ನನಗೇ. ಓಡಿಸುವುದಕ್ಕಿಂತ ಕಿಟಕಿಯಿಂದ ನೋಡುವುದೇ ಹೆಚ್ಚಾಗಿದೆ, ರಾಯರೇ.”

ರಾಯರು ಕನ್ನಡಕ ತೆಗೆದು ಒರೆಸಿದರು. ಅದರಲ್ಲಿ ಧೂಳೇನೂ ಇರಲಿಲ್ಲ.

“16 ಹಾಕಿಸು. 195/55. ನಾಣಿ, ವ್ಯಾಸ ಎಷ್ಟು?”

“621. ಮೊದಲಿಗಿಂತ ಒಂದೇ ಒಂದು ಮಿಲಿಮೀಟರು ಕಡಿಮೆ!” ಕಂಪನಿಯವರನ್ನು ತಾನೇ ಗೆದ್ದಂತೆ ನಾಣಿ ಹಿಗ್ಗಿದ. “ಆದರೆ ಸ್ಟೆಪ್ನಿ 15ರದ್ದೇ ಉಳಿಯುತ್ತದಲ್ಲ?”

“ಉಳಿಯಲಿ. ಅದಕ್ಕೊಂದು ಹೊಸ ಟೈರು ಹಾಕಿಸಿದರೆ ಸಾಕು. ಡಿಕ್ಕಿಯೊಳಗಿನದು ಯಾವ ಕಿಟಕಿಯಿಂದಲೂ ಕಾಣುವುದಿಲ್ಲ” ಎಂದರು ರಾಯರು.